ಶಿಕ್ಷಕರ ತರಬೇತಿ ಮತ್ತು ನೂತನ ತಂತ್ರಜ್ಞಾನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದ ಕಾಲವದು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ದೂರದರ್ಶನ ಶಿಕ್ಷಣ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ದೇಶದ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ಆಗ ವಿಜ್ಞಾನ ಬೋಧನೆಯ ತರಬೇತಿ ದೊರೆಯಿತು. ಗಮನಾರ್ಹ ಸಂಗತಿಯೆಂದರೆ, ಅದಕ್ಕೆ ದೂರದರ್ಶನವೊಂದನ್ನೇ ನೆಚ್ಚಿರಲಿಲ್ಲ. ರೇಡಿಯೋ, ಮುದ್ರಿತ ಪಾಠ, ಶಿಕ್ಷಕರು ಸ್ವಹಸ್ತದಿಂದ ಮಾಡುವ ಪ್ರಯೋಗ, ಇವೆಲ್ಲವೂ ಜೊತೆಗೂಡಿದ್ದವು.

2017ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯು ತರಬೇತಿಯನ್ನು ಶಿಕ್ಷಕರ ಅಂಗೈಗೇ ತಂದಿದೆ. ಪಠ್ಯಪುಸ್ತಕದ ಕ್ಯೂಆರ್ ಸಂಕೇತಕ್ಕೆ ಮೊಬೈಲ್ ಹಿಡಿದರೆ ಪಾಠವೂ ತೆರೆದುಕೊಳ್ಳುತ್ತದೆ. ಅನುಕೂಲವೇನೋ ದೊಡ್ಡದು. ಆದರೆ ಅಂದು ಊರಿಗೊಂದೇ ದೂರದರ್ಶನ ಪೆಟ್ಟಿಗೆಯಿದ್ದರೂ ಅದು ಎಲ್ಲ ಮಕ್ಕಳದಾಗಿತ್ತು. ಇಂದು ಮನೆಯ ಒಂದೇ ಮೊಬೈಲ್ ತಂದೆಯೊಡನೆ ಹೊಲಕ್ಕೆ ಹೋದರೆ, ಆ ಪಾಠವನ್ನು ಮಗುವಿಗೆ ತೋರಿಸಬೇಕಾದುದು ಶಾಲೆಯ ತೆರೆಯೇ, ಅದನ್ನು ಬಳಸಬಲ್ಲ ಶಿಕ್ಷಕರೇ.