ಎರಡು ಸಂಪರ್ಕ, ನೂರು ಥ್ರೆಡ್

ಜಾವಾದಲ್ಲಿ ಬರೆದ ಸರ್ವರ್ ತಂತ್ರಾಂಶವೊಂದು ಬೇರೊಂದು ಸರ್ವರಿನಿಂದ ಮಾಹಿತಿ ತರಿಸಿಕೊಳ್ಳಲು ಎಚ್‌ಟಿಟಿಪಿ ಕ್ಲೈಂಟ್ ಲೈಬ್ರರಿಯ ಮೊರೆ ಹೋಗುತ್ತದೆ. ಒಂದೇ ಕ್ಲೈಂಟನ್ನು ನೂರಾರು ಥ್ರೆಡ್‌ಗಳು, ಅಂದರೆ ತಂತ್ರಾಂಶದೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು, ಒಟ್ಟಿಗೆ ಬಳಸಿದರೂ ಒಂದರ ಕೆಲಸವನ್ನು ಇನ್ನೊಂದು ಕೆಡಿಸದಿದ್ದರೆ ಅದು ಥ್ರೆಡ್-ಸೇಫ್.

ಅಪಾಚೆ ಎಚ್‌ಟಿಟಿಪಿ ಕ್ಲೈಂಟಿನ 4.0 ಆವೃತ್ತಿ 2009ರಲ್ಲಿ ಬಂದಾಗ ಈ ಗುಣ ತಾನಾಗಿ ದಕ್ಕುತ್ತಿರಲಿಲ್ಲ. ಸುಮ್ಮನೆ ಕ್ಲೈಂಟ್ ಸೃಷ್ಟಿಸಿದರೆ ಒಮ್ಮೆಗೆ ಒಂದೇ ಸಂಪರ್ಕ. ಹಲವು ಬೇಕೆಂದರೆ ಎಚ್‌ಟಿಟಿಪಿಗೆ 80ನೇ ಪೋರ್ಟ್, ಎಚ್‌ಟಿಟಿಪಿಎಸ್‌ಗೆ 443 ಎಂದು ಪ್ರೋಗ್ರಾಮರೇ ನೋಂದಾಯಿಸಿ, ಥ್ರೆಡ್-ಸೇಫ್ ಕನೆಕ್ಷನ್ ಮ್ಯಾನೇಜರ್ ಕಟ್ಟಿ, ಅದನ್ನು ಕ್ಲೈಂಟಿಗೆ ಒಪ್ಪಿಸಬೇಕಿತ್ತು.

ಇಷ್ಟು ಸಾಲು ಬರೆಯುವ ಶ್ರಮಕ್ಕಿಂತ ಸೆಟ್ಟಿಂಗ್‌ಗಳನ್ನು ಇಟ್ಟಿದ್ದ ರೀತಿಯೇ ನನಗೆ ಹೆಚ್ಚು ಅಪಾಯಕಾರಿ ಅನಿಸುತ್ತದೆ. ಟೈಮ್‌ಔಟ್ ಮೊದಲಾದವೆಲ್ಲ ಬಾಯಿ ಕಟ್ಟದ ಚೀಲವೊಂದರಲ್ಲಿ ತುಂಬಿದಂತಿದ್ದವು. ಸೆಟ್ಟಿಂಗಿನ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಲೈಬ್ರರಿ ಚಕಾರ ಎತ್ತುತ್ತಿರಲಿಲ್ಲ; ಆ ಸೆಟ್ಟಿಂಗ್ ಜಾರಿಗೇ ಬರುತ್ತಿರಲಿಲ್ಲ. ಕ್ಲೈಂಟ್ ಓಡುತ್ತಿರುವಾಗಲೇ ಒಂದು ಥ್ರೆಡ್ ಕೈಹಾಕಿ ಟೈಮ್‌ಔಟ್ ಬದಲಿಸಿದರೆ ಉಳಿದವುಗಳದ್ದೂ ಬದಲಾಗುತ್ತಿತ್ತು.

2013ರ 4.3 ಆವೃತ್ತಿ ಇದನ್ನು ಬುಡದಲ್ಲೇ ಸರಿಪಡಿಸಿತು. ಬೇಕಾದ್ದನ್ನೆಲ್ಲ ಬಿಲ್ಡರ್‌ಗೆ ಮೊದಲೇ ಹೇಳಿ ಕ್ಲೈಂಟ್ ಕಟ್ಟಿಸಿಕೊಳ್ಳಬೇಕು. ಕಟ್ಟಿದ ಮೇಲೆ ಕ್ಲೈಂಟಿನ ಸೆಟ್ಟಿಂಗ್ ಬದಲಾಗದು. ಒಂದು ರಿಕ್ವೆಸ್ಟಿಗೆ ಬೇರೆ ಟೈಮ್‌ಔಟ್ ಬೇಕಿದ್ದರೆ ಅದಕ್ಕಷ್ಟೇ ಕೊಡಬಹುದು. ಬದಲಾಗದ್ದನ್ನು ಎಷ್ಟು ಥ್ರೆಡ್‌ಗಳು ಓದಿದರೂ ಬೀಗ ಬೇಡ. ಏನೂ ಹೇಳದಿದ್ದರೂ ಕನೆಕ್ಷನ್ ಪೂಲ್, ಅಂದರೆ ಥ್ರೆಡ್‌ಗಳು ಹಂಚಿಕೊಂಡು ಮರುಬಳಸುವ ಸಂಪರ್ಕಗಳ ಸಂಗ್ರಹ, ಸಿದ್ಧವಿರುತ್ತದೆ. 2018ರಲ್ಲಿ ಜಾವಾ 11ರ ಜೊತೆ ಬಂದ ಕ್ಲೈಂಟೂ ಇದೇ ದಾರಿ ಹಿಡಿಯಿತು.

ಆದರೆ ಈ ಸರಳತೆಯ ಮರೆಯಲ್ಲಿ ಹಳೆಯ ಸಂಖ್ಯೆಯೊಂದು ಉಳಿದುಬಿಟ್ಟಿತ್ತು. ಅಪಾಚೆಯ 4ನೇ ಸರಣಿಯ ಪೂಲ್, ಬೇರೆ ಹೇಳದಿದ್ದರೆ, ಒಂದು ಸರ್ವರಿಗೆ ಕೊಡುವುದು 2 ಸಂಪರ್ಕ, ಒಟ್ಟು 20. ಒಬ್ಬ ಬಳಕೆದಾರನ ಕ್ಲೈಂಟಿಗೆ 1999ರ ಎಚ್‌ಟಿಟಿಪಿ ನಿಯಮಾವಳಿ ಸೂಚಿಸಿದ್ದ ಮಿತಿ ಆ 2. ನಿಯಮಾವಳಿಯೇ 2014ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟಿತು. ಒಂದೇ ಸರ್ವರಿಗೆ 100 ಥ್ರೆಡ್‌ಗಳು ಮುಗಿಬಿದ್ದರೆ 98 ಕಾಯಬೇಕು, ಅದೂ ಗಡುವಿಲ್ಲದೆ. 5ನೇ ಆವೃತ್ತಿ ಮಿತಿಗಳನ್ನು 5 ಮತ್ತು 25ಕ್ಕೆ ಏರಿಸಿ, ಕಾಯುವುದಕ್ಕೆ 3 ನಿಮಿಷದ ಗಡುವು ಇಟ್ಟಿತು. ಈ ಸಂಖ್ಯೆಗಳನ್ನು ಮಾತ್ರ ಪ್ರೋಗ್ರಾಮರ್ ತಾನೇ ಯೋಚಿಸಿ ಬರೆಯಬೇಕು ಎಂಬುದು ನನ್ನ ನಿಲುವು, ಏಕೆಂದರೆ ಎದುರಿನ ಸರ್ವರಿನ ತಾಕತ್ತು ಲೈಬ್ರರಿಗೆ ಗೊತ್ತಿರುವುದಿಲ್ಲ. ಬಂದ ಉತ್ತರವನ್ನು ಮುಚ್ಚುವ ಹೊಣೆಯೂ ಪ್ರೋಗ್ರಾಮರ್‌ನದೇ. ಓದದೆ, ಮುಚ್ಚದೆ ಬಿಟ್ಟರೆ ಸಂಪರ್ಕ ಪೂಲಿಗೆ ಮರಳುವುದಿಲ್ಲ. ಮಿತಿ 2 ಇದ್ದಲ್ಲಿ ಅಂಥ ಎರಡು ಉತ್ತರ ಸಾಕು, ಆ ಸರ್ವರಿಗೆ ಹೊರಟ ಮುಂದಿನ ರಿಕ್ವೆಸ್ಟುಗಳೆಲ್ಲ ನಿಂತುಬಿಡುತ್ತವೆ.