ಉಂಗುರ ತಿರುಗಿಸಿದರೆ ಬೆಳಕು ಹೆಚ್ಚುವುದೆ?

ಥಾಣೆಯಿಂದ ಆಚೆಗೆ, ಕಳವಾ ಮುಂಬ್ರಾಗಳ ನಡುವೆ, ಪಾರಸಿಕ್ ಗುಡ್ಡದ ಒಡಲನ್ನು ಕೊರೆದು 1916ರಲ್ಲಿ ತೆರೆದ ರೈಲ್ವೆ ಸುರಂಗದ ಉದ್ದ ಸುಮಾರು 1.3 ಕಿಲೋಮೀಟರು. ಹಲವು ದಶಕಗಳ ಕಾಲ ಡೊಂಬಿವಲಿ ಕಲ್ಯಾಣಗಳ ವೇಗದ ಲೋಕಲ್ ಗಾಡಿಗಳು ಇದರೊಳಗಿಂದಲೇ ಹಾದುಹೋಗುತ್ತಿದ್ದುದರಿಂದ, ಈ ಸೀಮೆಯಲ್ಲಿ ನೆಲೆಸಿದ ಕನ್ನಡಿಗರೊಳಗೆ ಅದರ ಕತ್ತಲೆಯನ್ನು ಕಿಟಕಿಯಾಚೆ ಕಾಣದವರು ವಿರಳ. ಆ ಸುರಂಗದ ಒಂದು ಬಾಯಲ್ಲಿ ಟಾರ್ಚೊಂದನ್ನು ನಿಲ್ಲಿಸಿ, ಇನ್ನೊಂದು ಬಾಯ ಮೇಲೆ ಹುಣ್ಣಿಮೆಯ ಬೆಳದಿಂಗಳಷ್ಟು ಬೆಳಕಾದರೂ ಬೀಳಬೇಕೆಂದು ಬಯಸಿದರೆ, ಆ ಟಾರ್ಚು ಎಂತಹುದಿರಬೇಕು? ಪ್ರಶ್ನೆಯು ಕಲ್ಪಿತವಾದರೂ ಅದರ ಉತ್ತರದೊಳಗೆ, ಪ್ರಖರವಾದ, ಕಿರಣವನ್ನು ಹಿಗ್ಗಿಸಿ ಕುಗ್ಗಿಸಬಲ್ಲ ಟಾರ್ಚನ್ನು ಕೊಳ್ಳಹೊರಟವನು ಅರಿತಿರಬೇಕಾದ ಬಹುಪಾಲು ಸಂಗತಿಗಳು ಅಡಗಿವೆ.

ಒಂದೆಡೆ ಬೀಳುವ ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ ಬೆಳದಿಂಗಳೆಂದರೆ ಸ್ಥೂಲವಾಗಿ ಕಾಲು ಲಕ್ಸ್. ಟಾರ್ಚುಗಳ ಅಳತೆಗೆಂದು ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡು ಈಗ ಎಲ್ಲೆಡೆಯೂ ಬಳಕೆಯಲ್ಲಿರುವ ಆನ್ಸಿ ಎಫ್‌ಎಲ್-1 ಎಂಬ ಮಾನದಂಡವು, ಕಿರಣದ ನಡುಭಾಗದ ಬೆಳಕು ಈ ಕಾಲು ಲಕ್ಸಿಗೆ ಇಳಿಯುವ ದೂರವನ್ನೇ ಟಾರ್ಚಿನ 'ಎಟುಕು' ಎಂದು ಗಣಿಸುತ್ತದೆ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುವುದೆಂಬುದು ಶಾಲೆಯ ಮಕ್ಕಳಿಗೂ ತಿಳಿದ ನಿಯಮ; ಅದನ್ನು ಅನುಸರಿಸಿ ಲೆಕ್ಕ ಹಾಕಿದರೆ, ಗೋಡೆಗಳಿಂದ ಪ್ರತಿಫಲಿಸಿ ಬರುವ ಬೆಳಕನ್ನು ಬದಿಗಿಟ್ಟು, 1300 ಮೀಟರಿನಾಚೆ ಬೆಳದಿಂಗಳನ್ನು ಚೆಲ್ಲಲು ಟಾರ್ಚಿಗೆ 4,22,500 ಕ್ಯಾಂಡೆಲಾ ತೀವ್ರತೆ ಬೇಕು. ಇಲ್ಲಿ ಲ್ಯೂಮೆನ್ ಎಂಬ ಮಾತೇ ಬರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಅಂಗಡಿಯ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ಮುದ್ರಿತವಾಗುವುದಾದರೋ ಲ್ಯೂಮೆನ್ನೇ. ಅದು ಟಾರ್ಚಿನಿಂದ ಹೊರಡುವ ಒಟ್ಟು ಬೆಳಕಿನ ಮೊತ್ತ. ಕ್ಯಾಂಡೆಲಾ ಎಂಬುದು ಆ ಬೆಳಕು ಒಂದು ದಿಕ್ಕಿಗೆ ಎಷ್ಟು ದಟ್ಟವಾಗಿ ಹೊರಟಿದೆಯೆಂಬುದರ ಅಳತೆ. ಒಂದೇ ಸೌಟು ಹಿಟ್ಟಿನಿಂದ ಕಾವಲಿಯಗಲದ ತೆಳುದೋಸೆಯನ್ನೂ ಹೊಯ್ಯಬಹುದು, ಅಂಗೈಯಗಲದ ದಪ್ಪದೋಸೆಯನ್ನೂ ಹೊಯ್ಯಬಹುದು; ಹಿಟ್ಟು ಮಾತ್ರ ಅಷ್ಟೇ. ಟಾರ್ಚಿನ ಕೊರಳಿನ ಉಂಗುರವನ್ನು ತಿರುಗಿಸುವಾಗ ನಾವು ಮಾಡುವುದೂ ಇಂತಹ ಹರಡುವಿಕೆ ಕೂಡಿಸುವಿಕೆಯನ್ನಷ್ಟೆ.

ಅಷ್ಟೆ ಎಂದರೂ ಸಾಲದು, ಏಕೆಂದರೆ ಆ ಉಂಗುರ ತಿರುಗುವಾಗ ಬೆಳಕು ನಷ್ಟವೂ ಆಗುತ್ತದೆ. ಇದನ್ನು ತಿಳಿಯಲು ಟಾರ್ಚಿನ ಒಳಗನ್ನು ತುಸು ಸಾವಧಾನವಾಗಿ ನೋಡಬೇಕು.

ಹಿಂದಿನ ಕಾಲದ ಎರಡು ಸೆಲ್ಲಿನ ಟಾರ್ಚಿನಲ್ಲಿ ತಂತಿಯ ಬಲ್ಬಿನ ಹಿಂದೆ ಹೊಳೆಯುವ ಬಟ್ಟಲಿನಂತಹ ನಿಮ್ನದರ್ಪಣವೊಂದಿರುತ್ತಿತ್ತು. ಅದರ ಆಕಾರ ಪರವಲಯದ್ದು. ಪರವಲಯದ ನಾಭಿಯಲ್ಲಿ ದೀಪವನ್ನಿಟ್ಟರೆ ಅದರಿಂದ ಹೊರಟು ಬಟ್ಟಲಿನ ಯಾವ ಭಾಗವನ್ನೇ ತಾಕಿದ ಕಿರಣವಾಗಲಿ ಪರಸ್ಪರ ಸಮಾಂತರವಾಗಿ ಮುಂದಕ್ಕೆ ಹರಿಯುವುದು ಈ ವಕ್ರರೇಖೆಯ ಅಪೂರ್ವ ಗುಣ. ತಲೆಯನ್ನು ತಿರುಗಿಸಿದಾಗ ಬಲ್ಬು ನಾಭಿಯಿಂದ ಕೂದಲೆಳೆಯಷ್ಟು ಸರಿದು, ಕಿರಣಗಳು ಸಮಾಂತರತೆಯನ್ನು ಕಳೆದುಕೊಂಡು ಅಗಲವಾಗುತ್ತಿದ್ದವು. ಆದರೆ ಹಾಗೆ ಅಗಲವಾದ ಬೆಳಕಿನ ವೃತ್ತದ ನಟ್ಟನಡುವೆ ಒಂದು ಕಪ್ಪು ಕುಳಿ ಮೂಡುತ್ತಿದ್ದುದನ್ನು, ಅಂತಹ ಟಾರ್ಚನ್ನು ಹಿಡಿದು ರಾತ್ರಿ ನಡೆದ ಹಿರಿಯರೆಲ್ಲರೂ ಬಲ್ಲರು. ಬೇಕಾದ ವಸ್ತು ಬಹುಸಾರಿ ಆ ಕುಳಿಯಲ್ಲೇ ಮರೆಯಾಗುತ್ತಿತ್ತು.

ಇಂದಿನ ಟಾರ್ಚಿನ ದೀಪವೇ ಬೇರೆ. ಜಪಾನಿನಲ್ಲಿ 1990ರ ದಶಕದ ಆದಿಭಾಗದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಸಿದ್ಧಿಸಿ, 1996ರ ಹೊತ್ತಿಗೆ ಅದರ ಮೇಲೆ ಹಳದಿಯ ದೀಪ್ತಿದ್ರವ್ಯವನ್ನು ಲೇಪಿಸಿ ಬಿಳಿಯ ಬೆಳಕನ್ನು ಪಡೆಯಲಾಯಿತು. ನೀಲಿ ಎಲ್‌ಇಡಿಯ ಆವಿಷ್ಕಾರಕ್ಕಾಗಿ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆರಿಸಿಟ್ಟ ಟಾರ್ಚಿನ ಗಾಜಿನೊಳಗೆ ಕಾಣುವ ಚಿಕ್ಕ ಹಳದಿಯ ಚೌಕ ಆ ಲೇಪವೇ. ಉಂಗುರದ ಟಾರ್ಚುಗಳಲ್ಲಿ ಈ ಚೌಕದ ಮುಂದೆ ಬಟ್ಟಲಿಲ್ಲ, ಉಬ್ಬಿದ ಪೀನಮಸೂರವೊಂದಿದೆ. ಮಸೂರವನ್ನು ಎಲ್‌ಇಡಿಯ ಹತ್ತಿರಕ್ಕೆ ಎಳೆದರೆ ಬೆಳಕು ಅಗಲ, ದೂರಕ್ಕೆ ಚಾಚಿದರೆ ಕಿರಿದು. ಪೂರ್ತಿ ಚಾಚಿ, ರಾತ್ರಿಯಲ್ಲಿ ಐದು ಮೀಟರಿನಾಚೆಯ ಬಿಳಿ ಗೋಡೆಗೆ ಹಿಡಿದು ನೋಡಿರಿ: ಮೂಡುವುದು ವೃತ್ತವಲ್ಲ, ಅಚ್ಚುಕಟ್ಟಾದ ಚೌಕ; ಅದರ ಅಂಚಿನಲ್ಲಿ ನಸುನೀಲಿ, ನಸುಹಳದಿಯ ಎಳೆಗಳು; ಕೆಲವು ಟಾರ್ಚುಗಳಲ್ಲಿ ಚೌಕದ ಮೇಲೆ ಕೂದಲಿನಂತಹ ಕಪ್ಪು ಗೆರೆಗಳೂ ಉಂಟು. ಅದು ಎಲ್‌ಇಡಿಯ ಬಿಂಬವೇ. ಗೆರೆಗಳು ಅದಕ್ಕೆ ವಿದ್ಯುತ್ತನ್ನು ಒಯ್ಯುವ ತಂತುಗಳು. ಬಣ್ಣದ ಅಂಚು, ಮಸೂರವು ನೀಲಿಯನ್ನು ಹಳದಿಗಿಂತ ಹೆಚ್ಚು ಬಾಗಿಸುವುದರ ಗುರುತು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂತಹ ಶಾಲೆಗಳಲ್ಲಿ ಪೀನಮಸೂರದ ಪಾಠ ನಡೆಯುವಾಗ, ಮೇಣದಬತ್ತಿಗೆ ಬದಲಾಗಿ ಈ ಟಾರ್ಚನ್ನು ಮಕ್ಕಳ ಕೈಗೆ ಕೊಟ್ಟರೆ ವಸ್ತು, ಬಿಂಬ, ನಾಭಿದೂರ ಮೂರೂ ಒಂದೇ ಗಳಿಗೆಯಲ್ಲಿ ಗೋಚರಿಸುವುವು.

ನಷ್ಟದ ಮಾತು ಇಲ್ಲಿಯೇ ಬರುತ್ತದೆ. 30 ಮಿಲಿಮೀಟರು ಅಗಲದ ಮಸೂರವು ಎಲ್‌ಇಡಿಯಿಂದ 6 ಮಿಲಿಮೀಟರು ದೂರದಲ್ಲಿದ್ದಾಗ ಹೊರಟ ಬೆಳಕಿನ ನೂರಕ್ಕೆ 86 ಪಾಲು ಅದರ ಮೇಲೆ ಬೀಳುತ್ತದೆ. ಕಿರಣವನ್ನು ಕಿರಿದುಮಾಡಲು ಅದನ್ನೇ 18 ಮಿಲಿಮೀಟರಿಗೆ ಚಾಚಿದರೆ ಬೀಳುವುದು ಕೇವಲ 41 ಪಾಲು. ಉಳಿದುದು ಕೊಳವೆಯ ಒಳಗೋಡೆಗೆ ಬಡಿದು ಶಾಖವಾಗಿ ಕಳೆದುಹೋಗುತ್ತದೆ. ಹೀಗೆ ಉಂಗುರ ತಿರುಗಿಸಿ ದೂರದ ಮರವೊಂದನ್ನು ಬೆಳಗಿಸಿದಾಗ ಟಾರ್ಚು ಹೆಚ್ಚು ಪ್ರಬಲವಾದಂತೆ ಕಂಡರೂ, ವಾಸ್ತವದಲ್ಲಿ ಅದರಿಂದ ಹೊರಬರುವ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಗಿರುತ್ತದೆ. ಬಟ್ಟಲಿನ ಟಾರ್ಚಿನಲ್ಲಿ ಪಕ್ಕಕ್ಕೆ ಹೊರಟ ಬೆಳಕನ್ನು ದರ್ಪಣ ಕೂಡಿಸಿ ನಡುವಿನ ಪ್ರಖರ ಬಿಂದುವನ್ನು ಮಾಡುವುದರ ಜೊತೆಗೆ, ದರ್ಪಣವನ್ನು ಮುಟ್ಟದೆ ಹೊರಬಂದ ಬೆಳಕು ಸುತ್ತಲೂ ಮಂದವಾಗಿ ಹರಡಿ ಕಾಲ ಬುಡವನ್ನೂ ತೋರಿಸುತ್ತದೆ. ದೂರವೂ ಹತ್ತಿರವೂ ಏಕಕಾಲದಲ್ಲಿ ಕಾಣುವ ಈ ಸೌಕರ್ಯ ಚೌಕದ ಕಿರಣಕ್ಕಿಲ್ಲ. ಅದರ ಅಂಚಿನಾಚೆ ಗಾಢಾಂಧಕಾರ.

ಈ ಸೀಮೆಯ ಮಳೆಗಾಲವನ್ನು ನೆನೆದರೆ ಉಂಗುರದ ಟಾರ್ಚಿನ ಇನ್ನೊಂದು ದೌರ್ಬಲ್ಯ ಕಣ್ಣಿಗೆ ಬೀಳುತ್ತದೆ. ತಲೆಯನ್ನು ಹಿಂದಕ್ಕೂ ಮುಂದಕ್ಕೂ ಜಾರಿಸುವಾಗ ಒಳಗಿನ ಗಾಳಿ ಹೊರಹೋಗಿ ಹೊರಗಿನ ತೇವದ ಗಾಳಿ ಒಳಸೇರುತ್ತದೆ. ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಥಾಣೆಯಲ್ಲಿ ಆಗಸ್ಟಿನ ಹೊತ್ತಿಗೆ ಮಸೂರದ ಒಳಮೈ ಮಂಜುಗಟ್ಟಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಕೊಳ್ಳತಕ್ಕವರು ಡಬ್ಬಿಯ ಮೇಲೆ ಐಪಿಎಕ್ಸ್ ಎಂಬುದರ ಮುಂದಿನ ಅಂಕೆಯನ್ನು ನೋಡಬೇಕು. 4 ಎಂದಿದ್ದರೆ ಮಳೆಯ ಎರಚಲನ್ನಷ್ಟೇ ತಾಳುತ್ತದೆ. 7 ಎಂದಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನ ವೀಕ್ಷಣಾಲಯದಲ್ಲಿ 24 ಗಂಟೆಗಳೊಳಗೆ 944 ಮಿಲಿಮೀಟರು ಮಳೆ ದಾಖಲಾಗಿ, ಲೋಕಲ್ಲುಗಳು ನಿಂತಲ್ಲೇ ನಿಂತು, ಸಹಸ್ರಾರು ಜನರು ರಾತ್ರಿಯೆಲ್ಲ ಹಳಿಗಳ ಮೇಲೂ ನೀರು ತುಂಬಿದ ಬೀದಿಗಳಲ್ಲೂ ನಡೆದು ಮನೆ ಸೇರಿದುದನ್ನು ಕಂಡವರಿಗೆ ಈ ಅಂಕೆಯ ಮಹತ್ತ್ವವನ್ನು ವಿವರಿಸಬೇಕಾದುದಿಲ್ಲ.

ಮನೆಯೊಳಗಿನ ಕತ್ತಲೆಯಾದರೋ ಬೇರೆ ಬಗೆಯದು. 2020ರ ಅಕ್ಟೋಬರ್ 12ರ ಬೆಳಗ್ಗೆ ಪಡಘಾ ಕಳವಾಗಳ ನಡುವಣ ಪ್ರಸರಣ ಮಾರ್ಗಗಳು ಕೈಕೊಟ್ಟು ಮುಂಬಯಿ, ಥಾಣೆ, ನವಿ ಮುಂಬಯಿಗಳಿಗೆ ಒಟ್ಟಾಗಿ ವಿದ್ಯುತ್ತು ನಿಂತಾಗ ಹಗಲಾಗಿದ್ದರೂ, ಲಿಫ್ಟಿನ ಪೆಟ್ಟಿಗೆಗೆ, ಕಿಟಕಿಯಿಲ್ಲದ ಮೆಟ್ಟಿಲಿಗೆ, ನೆಲಮಾಳಿಗೆಯ ಪಂಪಿನ ಕೋಣೆಗೆ ಹಗಲೆಂಬುದಿಲ್ಲ. ಇಂತಹ ಸಂದರ್ಭಕ್ಕೆ ದೂರದ ಎಟುಕಿನಿಂದ ಪ್ರಯೋಜನವೇನು? ನೂರು, ನೂರೈವತ್ತು ಲ್ಯೂಮೆನ್ನಿನ ಟಾರ್ಚನ್ನು ಬಾಲದ ಮೇಲೆ ನೆಟ್ಟಗೆ ನಿಲ್ಲಿಸಿ ಬಿಳಿಯ ಸೂರಿಗೆ ಬೆಳಕು ಬಿಟ್ಟರೆ ಕೋಣೆಯೆಲ್ಲ ಮೃದುವಾಗಿ ಬೆಳಗಿ, ಊಟ ಬಡಿಸಲೂ ಔಷಧಿಯ ಶೀಶೆಯ ಮೇಲಿನ ಹೆಸರನ್ನು ಓದಲೂ ಸಾಕಾಗುತ್ತದೆ. ಅದಕ್ಕಾಗಿ ಟಾರ್ಚಿನ ಬಾಲ ಚಪ್ಪಟೆಯಾಗಿರಬೇಕು, ಗುಂಡಿ ಹೊರಗೆ ಉಬ್ಬಿರಬಾರದು. ಒತ್ತಿದೊಡನೆ ಮೊದಲು ಮಂದ ಬೆಳಕು ಬರುವಂತಹುದು ಉತ್ತಮ. ಪ್ರತಿ ಒತ್ತಿಗೂ ಹೊತ್ತಿ ಆರುವ ಮಿಣುಕು ದೀಪವನ್ನು ದಾಟಿಯೇ ಬೇಕಾದ ಬೆಳಕಿಗೆ ಬರಬೇಕಾದ ಟಾರ್ಚನ್ನು, ಅದು ಎಷ್ಟೇ ಅಗ್ಗವಾಗಿರಲಿ, ಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ.

ಹೌಸಿಂಗ್ ಸೊಸೈಟಿಯ ಕಾವಲುಗಾರನಿಗೆ ಕೊಡಿಸುವುದಾದರೆ ಕ್ಯಾಂಡೆಲಾದ ಲೆಕ್ಕ ಬೇಕಾದೀತು. 10,000 ಕ್ಯಾಂಡೆಲಾದ ಟಾರ್ಚಿನ ಎಟುಕು 200 ಮೀಟರು. ಆದರೆ ಅಷ್ಟು ದೂರದಲ್ಲಿ ಅದು ಬೆಳದಿಂಗಳು ಮಾತ್ರ. ಯಾರೋ ನಿಂತಿದ್ದಾರೆಂಬುದು ತಿಳಿಯಬಹುದು, ಮುಖ ತಿಳಿಯದು. ಅದೇ ಟಾರ್ಚು 50 ಮೀಟರಿನಲ್ಲಿ ಹದಿನಾರು ಪಟ್ಟು, ಎಂದರೆ 4 ಲಕ್ಸ್ ಬೆಳಕನ್ನು ಕೊಡುವುದರಿಂದ, ಡಬ್ಬಿಯ ಮೇಲಿನ ದೂರದ ಕಾಲುಭಾಗವನ್ನೇ ಉಪಯುಕ್ತ ದೂರವೆಂದು ಎಣಿಸುವುದು ಕ್ಷೇಮ. ಡಬ್ಬಿಯ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಪರೀಕ್ಷೆಯೂ ಕಷ್ಟವಲ್ಲ: ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪನ್ನು ಹಾಕಿಕೊಂಡು, ಐದು ಮೀಟರಿನಿಂದ ಕಿರಣದ ನಡುವನ್ನು ಅದರ ಮೇಲೆ ಬಿಟ್ಟು, ಬಂದ ಅಂಕೆಯನ್ನು 25ರಿಂದ ಗುಣಿಸಿದರೆ ಕ್ಯಾಂಡೆಲಾ ಸ್ಥೂಲವಾಗಿ ಸಿಕ್ಕುತ್ತದೆ. ರೈಲುಹಳಿಯ ಪಕ್ಕದ ಸೊಸೈಟಿಗಳಲ್ಲಿ ಮಾತ್ರ ಇಂತಹ ಕಿರಣ ಗಾಡಿಯ ಮೋಟರ್‌ಮನ್ನನ ಕಣ್ಣಿಗೆ ಎಂದೂ ತಾಕಕೂಡದು. ಕತ್ತಲೆಗೆ ಹೊಂದಿಕೊಂಡ ಕಣ್ಣು ಒಮ್ಮೆ ಕುಕ್ಕಿಹೋದರೆ ಪೂರ್ಣ ಚೇತರಿಕೆಗೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುವುದುಂಟು.

ಇನ್ನು ಸೆಲ್ಲಿನ ವಿಷಯ. ಥಾಣೆಯ ಜಾಂಭಳಿ ನಾಕಾದ ಪೇಟೆಯಲ್ಲಾಗಲಿ, ಮನೆಬಾಗಿಲಿಗೆ ತರಿಸಿಕೊಳ್ಳುವ ಸಾಮಾನಿನಲ್ಲಾಗಲಿ, ಹತ್ತಾರು ಸಾವಿರ ಲ್ಯೂಮೆನ್ ಎಂದು ಬರೆದ ಅಂಗೈಯುದ್ದದ ಟಾರ್ಚು ಕಂಡರೆ ಹೀಗೆ ಯೋಚಿಸಬೇಕು. 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದದ 18650 ಎಂಬ ಲಿಥಿಯಂ ಸೆಲ್ಲಿನ ಉತ್ತಮ ಮಾದರಿಯಲ್ಲಿ ಸುಮಾರು 3500 ಮಿಲಿಆಂಪಿಯರ್-ಗಂಟೆ ವಿದ್ಯುತ್ತು ಹಿಡಿಯುತ್ತದೆ, 3.6 ವೋಲ್ಟಿನಂತೆ ಅದು 12.6 ವಾಟ್-ಗಂಟೆಯಾಯಿತು. ಒಂದು ವಾಟಿಗೆ ನೂರು ಲ್ಯೂಮೆನ್ ಎಂದು ಹಿಡಿದರೆ ಸಾವಿರ ಲ್ಯೂಮೆನ್ನಿನಂತೆ ಒಂದೂಕಾಲು ಗಂಟೆ, ನೂರು ಲ್ಯೂಮೆನ್ನಿನಂತೆ ಹನ್ನೆರಡು ಗಂಟೆ ಉರಿದೀತು. ಐವತ್ತು ಸಾವಿರ ಲ್ಯೂಮೆನ್ನಿಗೆ ಐನೂರು ವಾಟು ಬೇಕು. ಇಸ್ತ್ರಿಪೆಟ್ಟಿಗೆಗೆ ಸಮೀಪದ ಆ ಶಕ್ತಿಯನ್ನು ಬೆರಳುಗಾತ್ರದ ಸೆಲ್ಲು ಕೊಡಲೂ ಆರದು, ಕೈ ತಾಳಲೂ ಆರದು. ಆ ಗಾತ್ರದ ಸೆಲ್ಲಿನ ಮೇಲೆಯೇ 9900 ಮಿಲಿಆಂಪಿಯರ್-ಗಂಟೆ ಎಂದು ಬರೆದಿದ್ದರೆ ಆ ಬರಹವೊಂದರಿಂದಲೇ ಸರಕಿನ ಯೋಗ್ಯತೆ ಗೊತ್ತಾಗುತ್ತದೆ. ಉರಿಯುವ ಅವಧಿಯನ್ನು ಓದುವಾಗಲೂ ಎಚ್ಚರ ಬೇಕು: ಮೊದಲ ಬೆಳಕಿನ ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗಿನ ಕಾಲವನ್ನೆಲ್ಲ ಮಾನದಂಡವು ಉರಿದ ಕಾಲವೆಂದೇ ಎಣಿಸುತ್ತದೆ.

ಬೆಳಕಿನ ಬಣ್ಣವನ್ನು ಬಹಳ ಮಂದಿ ಲಕ್ಷಿಸುವುದಿಲ್ಲ. 6500 ಕೆಲ್ವಿನ್ನಿನ ನೀಲಿಬಿಳುಪು ಕಣ್ಣಿಗೆ ಪ್ರಖರವಾಗಿ ತೋರಿದರೂ, ಕೆಂಪು ಕಂದುಗಳನ್ನು ಅದು ಸೊರಗಿಸುತ್ತದೆ. ಊರಿನ ತೋಟಕ್ಕೆಂದು ಇಲ್ಲಿಂದ ಕೊಂಡೊಯ್ಯುವ ಟಾರ್ಚಿನಲ್ಲಿ, ಒದ್ದೆ ತರಗೆಲೆಯ ನಡುವೆ ಮಲಗಿದ ಕೊಳಕುಮಂಡಲವನ್ನು ಗುರುತಿಸಲು 4000 ಕೆಲ್ವಿನ್ನಿನ ಆಸುಪಾಸಿನ ಬೆಚ್ಚನೆಯ ಬೆಳಕೇ ಮೇಲು.

ಹಿಡಿಯುವ ರೀತಿಯೂ ಟಾರ್ಚಿನಷ್ಟೇ ಮುಖ್ಯ. ಸುರಿಯುವ ಮಳೆಯಲ್ಲಿ ಟಾರ್ಚನ್ನು ಮುಖದ ಬಳಿ ಹಿಡಿದರೆ ಹನಿಗಳು ಬೆಳಕನ್ನು ನೇರವಾಗಿ ಕಣ್ಣಿಗೇ ಹಿಂದಿರುಗಿಸಿ ಎದುರು ಬಿಳಿಯ ತೆರೆಯೊಂದು ನಿಲ್ಲುತ್ತದೆ. ಸೊಂಟದ ಮಟ್ಟಕ್ಕೆ ಇಳಿಸಿದರೆ ಆ ತೆರೆ ತೆಳುವಾಗುವುದಲ್ಲದೆ, ಬೆಳಕು ಓರೆಯಾಗಿ ನೆಲವನ್ನು ಸವರುವುದರಿಂದ ಗುಂಡಿಗಳ ಅಂಚಿಗೆ ಉದ್ದನೆಯ ನೆರಳು ಬಿದ್ದು ಆಳ ತಿಳಿಯುತ್ತದೆ. ಥಾಣೆಯ ಯೇವೂರಿನ ಕಾಡಂಚಿನಲ್ಲಿ ಮಾತ್ರ ಈ ಕ್ರಮ ತಿರುವುಮುರುವು. ಅಲ್ಲಿ ಚಿರತೆಗಳ ಸಂಚಾರವುಂಟು. ಚಿರತೆಯ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಪದರವೊಂದಿದ್ದು, ಒಳಹೊಕ್ಕ ಬೆಳಕನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತದೆ. ಆ ಹೊಳಪು ಹಿಂದಿರುಗುವುದು ದೀಪವಿದ್ದ ಕಡೆಗೇ ಆದ್ದರಿಂದ, ಟಾರ್ಚು ನಮ್ಮ ಕಣ್ಣಿನ ಪಕ್ಕದಲ್ಲಿದ್ದಾಗಲೇ ಅದು ನಮಗೆ ಚೆನ್ನಾಗಿ ಕಾಣುವುದು. ಸೊಂಟದಲ್ಲಿದ್ದರೆ ಆ ಜೋಡಿ ಕಣ್ಣುಗಳು ಎದುರಿಗಿದ್ದೂ ನಮ್ಮ ಪಾಲಿಗೆ ಮಂಕಾದಾವು. ಆದುದರಿಂದ ಕತ್ತಲಾದ ಮೇಲೆ ಆ ದಾರಿಯಲ್ಲಿ ಬರಬೇಕಾದವರು, ಗಟ್ಟಿಯಾಗಿ ಮಾತನಾಡುತ್ತ, ಉಂಗುರವನ್ನು ಪೂರ್ತಿ ಕಿರಿದಿಗೆ ತಿರುಗಿಸಿ ಕಪೋಲದ ಬಳಿ ಹಿಡಿದು ಪೊದೆಗಳ ಸಾಲನ್ನು ಒಮ್ಮೆ ಉದ್ದಕ್ಕೂ ನೋಡಿ, ಅನಂತರ ಕೈಯನ್ನು ಇಳಿಸಿ, ಕಿರಣವನ್ನು ಅಗಲಮಾಡಿ ಹತ್ತು ಹೆಜ್ಜೆ ನಡೆದು, ಮತ್ತೆ ಹಾಗೆಯೇ ನೋಡಬೇಕು. ಮಿಕ್ಕೆಲ್ಲ ಕೆಲಸಗಳಿಗೂ ಬಟ್ಟಲಿನ ಟಾರ್ಚನ್ನೇ ಆರಿಸುವ ನಾನು, ಈ ಕೆಲಸಕ್ಕೆ ಮಾತ್ರ ಉಂಗುರದ ಟಾರ್ಚನ್ನೇ ಕೊಳ್ಳಿರೆಂದು ಹೇಳುತ್ತೇನೆ.