ಅಜ್ಜನ ಕಾಲದ ನಾಣ್ಯ ಅಂಚೆಗೆ ಹಾಕುವ ಮುನ್ನ

ಕೊಚ್ಚಿ ಮತ್ತು ತಿರುವನಂತಪುರದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ನಾಲ್ಕಾರು ಹಳೆಯ ನಾಣ್ಯಗಳಿಲ್ಲದ ಮನೆ ಅಪರೂಪ. ದೀಪಾವಳಿಯ ಲಕ್ಷ್ಮೀಪೂಜೆಗೆಂದು ತೆಗೆದಿಟ್ಟ ರಾಣಿ ಛಾಪಿನ ರೂಪಾಯಿ, ಅಜ್ಜಿಯ ಕುಂಕುಮದ ಭರಣಿಯಲ್ಲಿ ಉಳಿದ ಚಿನ್ನದ ಹಣ, ಅರಮನೆಯ ಕಾಲದ ಚಕ್ರಂ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಉಡುಪಿ, ಕಾಸರಗೋಡು ಕಡೆಯಿಂದ ಹೋಟೆಲಿಗೆ, ಪೌರೋಹಿತ್ಯಕ್ಕೆ, ನೌಕರಿಗೆ ಎಂದು ಬಂದ ಹಿರಿಯರು ಕೂಡಿಟ್ಟ ಆಸ್ತಿ ಇದು. ಈಗ ಹಿರಿಯರು ನಿವೃತ್ತರಾಗಿ ಊರಿಗೆ ಮರಳುತ್ತಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ ಇದ್ದಾರೆ. ಪಾಲು ಮಾಡುವ ಹೊತ್ತಿಗೆ ನಾಣ್ಯಗಳೂ ಪ್ರಯಾಣ ಹೊರಡುತ್ತವೆ. ಹೊರಡುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಸಂಘದ ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ನಮ್ಮಲ್ಲಿರುವುದು ಏನು?

ತಿರುವಾಂಕೂರಿನ ಲೆಕ್ಕ ನಮ್ಮ ಮಕ್ಕಳಿಗೆ ಒಗಟಿನಂತೆ ಕಾಣುತ್ತದೆ. 16 ಕಾಸಿಗೆ ಒಂದು ಚಕ್ರಂ, 4 ಚಕ್ರಂಗೆ ಒಂದು ಪಣ, 7 ಪಣಕ್ಕೆ ಒಂದು ತಿರುವಾಂಕೂರು ರೂಪಾಯಿ. ಅಂದರೆ ರೂಪಾಯಿಗೆ 28 ಚಕ್ರಂ. ಬ್ರಿಟಿಷ್ ರೂಪಾಯಿಗಾದರೆ 28 ಚಕ್ರಂ ಮತ್ತು 8 ಕಾಸು. ಚಿನ್ನದ ಪಣ ಎಷ್ಟು ಸಣ್ಣದೆಂದರೆ ಕೈಯಲ್ಲಿ ಎಣಿಸುವುದೇ ಕಷ್ಟ. ಅದಕ್ಕಾಗಿ ಸಾಲುಸಾಲಾಗಿ ಕುಳಿ ಕೊರೆದ ಮರದ ಹಲಗೆ ಬಳಕೆಯಲ್ಲಿತ್ತು. ಹಿಡಿ ನಾಣ್ಯ ಸುರಿದು ಅಲುಗಾಡಿಸಿದರೆ ಕುಳಿಗೊಂದರಂತೆ ಕೂರುತ್ತಿದ್ದವು. ನಮ್ಮ ಮೈಸೂರಿನ ಕಂಠೀರವ ಹಣವೂ ಅಷ್ಟೇ ಪುಟ್ಟದು, ಅರ್ಧ ಗ್ರಾಂ ಕೂಡ ತೂಗದು. ವಿಜಯನಗರ, ಇಕ್ಕೇರಿಯ ವರಹ ಸುಮಾರು 3.4 ಗ್ರಾಂ. ರಾಣಿ ಛಾಪಿನ ಬೆಳ್ಳಿ ರೂಪಾಯಿ 11.66 ಗ್ರಾಂ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳೇ ಇವೆ.

ಇವನ್ನು ನೋಡಿ ಗುರುತಿಸಲು ಕಲಿಯಬೇಕೆಂದರೆ ದೂರ ಹೋಗಬೇಕಿಲ್ಲ. ತಿರುವನಂತಪುರದವರಿಗೆ ನೆಡುಮಂಗಾಡಿನ ಕೋಯಿಕ್ಕಲ್ ಅರಮನೆಯಲ್ಲಿ ನಾಣ್ಯಗಳ ಸಂಗ್ರಹಾಲಯವಿದೆ. ಕೊಚ್ಚಿಯವರಿಗೆ ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸ್ ಇದೆ. ರಜಾದಿನ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು.

ಒಂದು ಮಾತು ಮುಖ್ಯ. ನಾಣ್ಯಕ್ಕೆ ಮೂರು ಬೆಲೆ. ಮುಖದ ಮೇಲೆ ಅಚ್ಚಾದ ಬೆಲೆ ಒಂದು, ಲೋಹದ ಬೆಲೆ ಇನ್ನೊಂದು, ಸಂಗ್ರಾಹಕರು ಕೊಡುವ ಬೆಲೆ ಮತ್ತೊಂದು. ಕಳೆದುಹೋದಾಗ ಜಗಳ ಹುಟ್ಟುವುದು ಈ ಮೂರರ ನಡುವೆ. ‘ಹಳೆಯ ನಾಣ್ಯ 12’ ಎಂದಷ್ಟೇ ಬರೆದು ಕಳುಹಿಸಿದವರು ಮೂರನೆಯ ಬೆಲೆಯನ್ನು ಕೇಳುವುದು ಹೇಗೆ?

ಮೊದಲು ಪಟ್ಟಿ, ಆಮೇಲೆ ಪೊಟ್ಟಣ

ಆದ್ದರಿಂದ ಮೊದಲ ಕೆಲಸ ಪಟ್ಟಿ ಮಾಡುವುದು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ನಾಣ್ಯಕ್ಕೂ ಒಂದು ಸಾಲು: ಲೋಹ, ಇಸವಿ, ಯಾರ ಕಾಲದ್ದು, ಅಡ್ಡಳತೆ, ತೂಕ, ಗುರುತಿಸಬಹುದಾದ ಗೀರು ಅಥವಾ ತೂತು. ಆಭರಣದ ಅಂಗಡಿಯ ತಕ್ಕಡಿಯಲ್ಲಿ ಮಿಲಿಗ್ರಾಂ ತನಕ ತೂಗಿಸಿ. ಎರಡೂ ಮುಖಗಳ ಫೋಟೋ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಬೆಲೆಬಾಳುವ ನಾಣ್ಯವಾದರೆ ಪರಿಣತ ಮೌಲ್ಯಮಾಪಕರಿಂದ ಲಿಖಿತ ಪ್ರಮಾಣಪತ್ರ ಪಡೆಯಿರಿ. ಕೊಂಡ ನಾಣ್ಯವಾದರೆ ಬಿಲ್ಲು ಜೋಪಾನ. ಈ ಪಟ್ಟಿಯ ಒಂದು ಪ್ರತಿ ಪೊಟ್ಟಣದೊಳಗೆ, ಒಂದು ನಿಮ್ಮಲ್ಲಿ, ಒಂದು ಪಡೆಯುವವರಲ್ಲಿ ಇರಲಿ. ಮನೆಮಂದಿಯ ನಡುವೆ ಮುಂದೆ ಮನಸ್ತಾಪ ಬಾರದಂತೆಯೂ ಈ ಪಟ್ಟಿ ಕಾಯುತ್ತದೆ.

ಕಳುಹಿಸುವ ಮುನ್ನ ಹುಣಸೆಹಣ್ಣು, ಸೀಗೆಪುಡಿ ಹಾಕಿ ಉಜ್ಜಿ ಹೊಳಪು ಬರಿಸುವ ಅಭ್ಯಾಸ ನಮ್ಮ ಹೆಂಗಸರಿಗಷ್ಟೇ ಅಲ್ಲ, ಗಂಡಸರಿಗೂ ಉಂಟು. ದಯವಿಟ್ಟು ಬೇಡ. ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆ ಕುಸಿಯುತ್ತದೆ.

ಕೇರಳದ ಹವೆಯಲ್ಲಿ ತೇವ ಹೆಚ್ಚು. ಮಳೆಗಾಲದಲ್ಲಿ ತಾಮ್ರದ ನಾಣ್ಯಕ್ಕೆ ಹಸಿರು ಕಿಲುಬು ಹಿಡಿಯುವುದು ಎಲ್ಲರಿಗೂ ಗೊತ್ತು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲವೂ ಕಾಲಕ್ರಮದಲ್ಲಿ ಲೋಹವನ್ನು ಕೆಡಿಸುತ್ತದೆ. ನಾಣ್ಯ ಸಂಗ್ರಾಹಕರು ಬಳಸುವ ಚೌಕಾಕಾರದ ರಟ್ಟಿನ ಹೋಲ್ಡರುಗಳಲ್ಲಿ ಒಂದೊಂದನ್ನೇ ಇಟ್ಟು, ಅಲುಗಾಡದಂತೆ ರಟ್ಟಿನ ನಡುವೆ ಬಿಗಿದು, ಸಣ್ಣ ಪೆಟ್ಟಿಗೆಯಲ್ಲಿಟ್ಟು, ಅದನ್ನು ಇನ್ನೊಂದು ಗಟ್ಟಿ ಪೆಟ್ಟಿಗೆಯೊಳಗಿಡಬೇಕು. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಕೊನೆಗೆ ಕಿವಿಯ ಬಳಿ ಹಿಡಿದು ಅಲುಗಾಡಿಸಿ. ಝಣ್ ಎಂಬ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ. ಆ ಸದ್ದು ಕಳ್ಳನಿಗೂ ಕೇಳಿಸುತ್ತದೆ. ಹೊರಗಡೆ ನಾಣ್ಯದ ಅಂಗಡಿಯ ಹೆಸರಾಗಲಿ, ಚಿತ್ರವಾಗಲಿ ಇರಬಾರದು.

ಅಂಚೆಯೋ, ಕೊರಿಯರೋ?

ಖಾಸಗಿ ಕೊರಿಯರ್ ರಸೀದಿಯ ಹಿಂಬದಿಯನ್ನು ಓದುವವರು ಕಡಿಮೆ. ಸಾಮಾನ್ಯವಾಗಿ ಹಣ, ನಾಣ್ಯ, ಚಿನ್ನ, ಆಭರಣಗಳನ್ನು ಸ್ವೀಕರಿಸುವುದಿಲ್ಲವೆಂದು ಅಲ್ಲಿ ಮುದ್ರಿತವಾಗಿರುತ್ತದೆ. ‘ಪುಸ್ತಕ’ ಎಂದು ಬರೆದು ನಾಣ್ಯ ಕಳುಹಿಸಿದರೆ ಪೊಟ್ಟಣ ಕಳೆದಾಗ ಪರಿಹಾರವೂ ಪುಸ್ತಕಕ್ಕೇ. ಸುಳ್ಳು ಬರೆದದ್ದಕ್ಕೆ ಅದೂ ಸಿಗದಿರಬಹುದು.

ಅಂಚೆ ಇಲಾಖೆಯಲ್ಲಿ ವಿಮಾ ಅಂಚೆಯ ಪದ್ಧತಿ ಬಹಳ ಹಳೆಯದು. ಚಿನ್ನದ ನಾಣ್ಯ, ಕರೆನ್ಸಿ ನೋಟುಗಳನ್ನು ವಿಮೆ ಮಾಡಿಸದೆ ಅಂಚೆಗೆ ಹಾಕಬಾರದೆಂಬ ಕಟ್ಟಳೆ 1933ರ ಅಂಚೆ ನಿಯಮಾವಳಿಯಲ್ಲೇ ಇತ್ತು. ಅದೇ ನಿಯಮಾವಳಿಯ ಇನ್ನೊಂದು ಮಾತು ಸ್ವಾರಸ್ಯದ್ದು. ವಿಮೆಯ ಪೊಟ್ಟಣಕ್ಕೆ ಅರಗಿನ ಮುದ್ರೆ ಒತ್ತಬೇಕು, ಎಲ್ಲ ಮುದ್ರೆಗಳೂ ಒಂದೇ ಬಗೆಯ ಅರಗಿನಲ್ಲಿ ಒಂದೇ ಗುರುತಿನದಾಗಿರಬೇಕು, ಆದರೆ ಚಾಲ್ತಿಯ ನಾಣ್ಯವನ್ನು ಒತ್ತಿ ಮುದ್ರೆ ಮಾಡಬಾರದು! ಕಾರಣ ಸರಳ. ಅಂಥ ನಾಣ್ಯ ಎಲ್ಲರ ಜೇಬಿನಲ್ಲೂ ಇರುತ್ತದೆ, ಕದ್ದವನೂ ಅದೇ ಮುದ್ರೆ ಒತ್ತಿ ಮುಚ್ಚಬಲ್ಲ. ನಿಯಮ ಹಳೆಯದಾದರೂ ಬುದ್ಧಿ ಇಂದಿಗೂ ಸಲ್ಲುತ್ತದೆ. ಟೇಪಿನ ಅಂಚುಗಳ ಮೇಲೆ ಅಡ್ಡಲಾಗಿ ನಿಮ್ಮ ಸಹಿ ಹಾಕಿ, ಫೋಟೋ ತೆಗೆದಿಡಿ.

ಈಚಿನ ಬದಲಾವಣೆಗಳನ್ನೂ ಗಮನಿಸಬೇಕು. 1898ರ ಅಂಚೆ ಕಾಯಿದೆಯ ಜಾಗಕ್ಕೆ 2023ರ ಕಾಯಿದೆ ಬಂದಿದ್ದು, ಅದು 2024ರ ಜೂನ್ 18ರಿಂದ ಜಾರಿಯಲ್ಲಿದೆ. ನಿಯಮಗಳಲ್ಲಿ ಒಪ್ಪಿಕೊಂಡಷ್ಟರ ಹೊರತು ಅಂಚೆಗೆ ಬೇರೆ ಹೊಣೆಯಿಲ್ಲವೆಂದು ಅದು ಹೇಳುತ್ತದೆ. 2025ರಲ್ಲಿ ನಮಗೆಲ್ಲ ಪರಿಚಿತವಾದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಬರೀ ಸ್ಪೀಡ್ ಪೋಸ್ಟ್ ಮಾಡಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ವಿಮೆಯಿಲ್ಲದ ಸ್ಪೀಡ್ ಪೋಸ್ಟ್ ಕಳೆದರೆ ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟೇ ಪರಿಹಾರ ಎಂಬುದು ಬಹುಕಾಲ ನಡೆದುಬಂದ ನಿಯಮ. ವರಹ ಹೋಗಿ ನೂರಿನ್ನೂರು ರೂಪಾಯಿ ಕೈಗೆ ಬಂದರೆ ಏನು ಪ್ರಯೋಜನ? ಆದ್ದರಿಂದ ಎರ್ನಾಕುಳಂ ಹೆಡ್ ಪೋಸ್ಟ್ ಆಫೀಸು ಅಥವಾ ತಿರುವನಂತಪುರಂ ಜಿಪಿಒದಂಥ ದೊಡ್ಡ ಕಚೇರಿಗೆ ಹೋಗಿ ‘ವಿಮೆ ಮಾಡಿಸಬೇಕು’ ಎಂದು ಬಾಯಿಬಿಟ್ಟು ಕೇಳಿ. ವಿಮೆಯ ಗರಿಷ್ಠ ಮಿತಿ, ಶುಲ್ಕ ಎಷ್ಟೆಂದು ವಿಚಾರಿಸಿ. ರಸೀದಿಯಲ್ಲಿ ತೂಕ ಸರಿಯಾಗಿದೆಯೇ ನೋಡಿ.

ಬೆಲೆ ಬರೆಯುವಾಗ ಪ್ರಾಮಾಣಿಕತೆಯೇ ಲಾಭ. 60,000 ರೂಪಾಯಿಯ ವರಹಕ್ಕೆ ಶುಲ್ಕ ಉಳಿಸಲೆಂದು 10,000 ಎಂದು ಬರೆದರೆ ಸಿಗುವುದು ಹೆಚ್ಚೆಂದರೆ 10,000. ಎರಡು ಲಕ್ಷವೆಂದು ಬರೆದರೂ ನಿಜವಾದ ನಷ್ಟಕ್ಕಿಂತ ಹೆಚ್ಚು ಸಿಗದು, ಕ್ಲೇಮು ತಿರಸ್ಕೃತವಾಗುವ ಅಪಾಯ ಬೇರೆ. ಪಡೆಯುವವರು ಪೊಟ್ಟಣ ಹರಿದಿದ್ದರೆ, ತೂಕ ಕಡಿಮೆ ಕಂಡರೆ ಸಹಿ ಹಾಕುವ ಮುನ್ನವೇ ಅಂಚೆಯವರ ಎದುರು ಬಿಚ್ಚಿ ದೂರು ದಾಖಲಿಸಬೇಕು.

ಕೈಯಲ್ಲೇ ಒಯ್ಯುವುದಾದರೆ

ಕೊಚ್ಚಿಗೂ ತಿರುವನಂತಪುರಕ್ಕೂ ಸುಮಾರು 200 ಕಿ.ಮೀ. ಇಷ್ಟು ಹತ್ತಿರಕ್ಕೆ ಮನೆಯವರೇ ಒಯ್ಯುವುದು ವಾಡಿಕೆ. 2023ರ ಏಪ್ರಿಲಿನಲ್ಲಿ ವಂದೇ ಭಾರತ್ ಬಂದ ಮೇಲೆ ಕಾಸರಗೋಡಿನ ತನಕವೂ ಹಗಲಲ್ಲೇ ಹೋಗಬಹುದು. ಆದರೆ 1989ರ ರೈಲ್ವೆ ಕಾಯಿದೆಯ 100ನೇ ಕಲಮಿನ ಪ್ರಕಾರ, ಬುಕ್ ಮಾಡದೆ ಪ್ರಯಾಣಿಕರು ತಾವೇ ಒಯ್ಯುವ ಸಾಮಾನು ಕಳೆದರೆ, ರೈಲ್ವೆ ನೌಕರರ ನಿರ್ಲಕ್ಷ್ಯವೋ ದುರ್ನಡತೆಯೋ ಕಾರಣವೆಂದು ರುಜುವಾತಾದರಷ್ಟೇ ರೈಲ್ವೆಗೆ ಹೊಣೆ. ಆದ್ದರಿಂದ ಸೀಟಿನಡಿಯ ಸೂಟ್‌ಕೇಸಿನಲ್ಲಿ ಬೇಡ, ಮೈಮೇಲಿನ ಚೀಲದಲ್ಲಿರಲಿ. ವಿಮಾನದಲ್ಲಾದರೆ ಚೆಕ್-ಇನ್ ಸಾಮಾನಿಗೆ ಹಾಕಲೇಬೇಡಿ. ಜೊತೆಗೆ ಪಟ್ಟಿ, ಮೌಲ್ಯಪತ್ರದ ಪ್ರತಿ ಇರಲಿ. ತಪಾಸಣೆಯಲ್ಲಿ ಕೇಳಿದರೆ ತೋರಿಸಲು ಬೇಕು.

ಪಾಲಿಸಿಯಲ್ಲಿ ನಾಣ್ಯದ ಹೆಸರಿದೆಯೇ?

‘ಮನೆಗೆ ಇನ್ಶೂರೆನ್ಸ್ ಇದೆ’ ಎಂದು ನಿಶ್ಚಿಂತೆಯಿಂದಿರುವವರು ಪಾಲಿಸಿಯನ್ನು ಒಮ್ಮೆ ತೆರೆದು ನೋಡಬೇಕು. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ, ಸ್ಪಷ್ಟವಾಗಿ ನಮೂದಿಸದ ಹೊರತು ರಕ್ಷಣೆ ಸಿಗದ ವಸ್ತುಗಳ ಪಟ್ಟಿ ಇದೆ. ಅಂಚೆಚೀಟಿ, ಕಾಗದದ ಹಣದ ಜೊತೆ ನಾಣ್ಯಗಳೂ ಆ ಪಟ್ಟಿಯಲ್ಲಿವೆ. ಆಭರಣ, ಕಲಾವಸ್ತು, ಪುರಾತನ ವಸ್ತುಗಳಿಗೆ ಒಪ್ಪಿತ ಮೌಲ್ಯದ ಮೇಲೆ ಹೆಚ್ಚುವರಿ ರಕ್ಷಣೆ ಪಡೆಯುವ ಅವಕಾಶವುಂಟು. ನಿಮ್ಮ ನಾಣ್ಯಗಳ ಪಟ್ಟಿಯನ್ನು ಲಗತ್ತಿಸಿ, ಅವು ಸೇರಿವೆಯೆಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು. ಮನೆಯ ಪಾಲಿಸಿ ದಾರಿಯಲ್ಲಿರುವ ನಾಣ್ಯಕ್ಕೆ ತಾನಾಗಿ ಅನ್ವಯಿಸದು. ದೊಡ್ಡ ಮೊತ್ತದ ಸಂಗ್ರಹವಾದರೆ ಪ್ರತ್ಯೇಕ ಸಾಗಣೆ ವಿಮೆ ಕೇಳಬೇಕು. ಅದರಲ್ಲೂ ಪ್ಯಾಕಿಂಗ್ ಸಾಲದೆ ಆದ ಹಾನಿಗೆ ಪರಿಹಾರವಿಲ್ಲ. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಒಂದು ವರ್ಷದೊಳಗೆ ಕೊಚ್ಚಿಯಲ್ಲೇ ಇರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಕಿಲ್ಲ.

ಇನ್ನು ಬ್ಯಾಂಕ್ ಲಾಕರ್. ನಮ್ಮ ಕೌಂಟರಿನಲ್ಲಿ ಪದೇಪದೇ ಕೇಳುವ ಪ್ರಶ್ನೆ: ‘ಲಾಕರಿನಲ್ಲಿಟ್ಟರೆ ಬ್ಯಾಂಕಿನದ್ದೇ ಜವಾಬ್ದಾರಿ ಅಲ್ಲವೇ?’ ರಿಸರ್ವ್ ಬ್ಯಾಂಕಿನ 2021ರ ಆಗಸ್ಟಿನ ಸೂಚನೆ 2022ರ ಜನವರಿ 1ರಿಂದ ಜಾರಿಗೆ ಬಂತು. ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನ ತನಕ. ಬಾಡಿಗೆ 3,000 ಆದರೆ ಗರಿಷ್ಠ 3 ಲಕ್ಷ. ಬ್ಯಾಂಕಿನ ನಿರ್ಲಕ್ಷ್ಯವಿಲ್ಲದೆ ಪ್ರವಾಹ, ಭೂಕಂಪ, ಸಿಡಿಲಿನಂಥ ಪ್ರಕೃತಿ ವಿಕೋಪದಿಂದಾದ ನಷ್ಟಕ್ಕೆ ಹೊಣೆಯಿಲ್ಲ. ಲಾಕರಿನೊಳಗಿನ ವಸ್ತುವಿಗೆ ಬ್ಯಾಂಕು ವಿಮೆ ಮಾಡಿಸಿಕೊಡುವಂತೆಯೂ ಇಲ್ಲ. 2018ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿ ಆಲುವಾ ಮುಳುಗಿದ್ದನ್ನು, ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿದ್ದನ್ನು ಕಂಡ ಕೊಚ್ಚಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಲಾಕರಿನಲ್ಲಿಟ್ಟರೂ ನಾಣ್ಯವನ್ನು ನೀರು ಹೋಗದ ಡಬ್ಬಿಯಲ್ಲಿಡಿ, ವಿಮೆಯನ್ನು ಬೇರೆಯಾಗಿ ಮಾಡಿಸಿ.

ವಿದೇಶಕ್ಕೆ ಮಾತ್ರ ಬೇಡ

ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯಿದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ತುಂಬಿದ ನಾಣ್ಯ ಅದರ ಪ್ರಕಾರ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವುದು ಅಪರಾಧ, ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದ ತನಕದ ಜೈಲುಶಿಕ್ಷೆಗೆ ಅವಕಾಶವಿದೆ. ನಿಮ್ಮದೇ ಅಜ್ಜನದ್ದು, ಮಗನಿಗೇ ಕೊಡುವುದು, ಮಾರುವುದಕ್ಕಲ್ಲ ಎಂಬ ಸಮಜಾಯಿಷಿ ನಡೆಯದು. 1918ರ ಜಾರ್ಜ್ ರೂಪಾಯಿ, ಶ್ರೀಮೂಲಂ ತಿರುನಾಳ್ ಮಹಾರಾಜರ ಕಾಲದ ಚಕ್ರಂ ಆಗಲೇ ನೂರು ದಾಟಿವೆ. 1947ರ ರೂಪಾಯಿಗೆ ಇನ್ನೂ ನೂರಾಗಿಲ್ಲ, ಆದರೂ ಕಸ್ಟಮ್ಸಿನವರಿಗೆ ಸಂಶಯ ಬಾರದಂತೆ ಪುರಾತತ್ವ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯುವುದು ಕ್ಷೇಮ. ಮೊಮ್ಮಗನ ಉಪನಯನಕ್ಕೆ ವಿದೇಶಕ್ಕೆ ಹೊರಡುವ ಅಜ್ಜ ಅಜ್ಜಿಯರು ಉಡುಗೊರೆಯ ಪೊಟ್ಟಣ ಕಟ್ಟುವಾಗ ಇದನ್ನು ನೆನಪಿಡಬೇಕು. ಹಳೆಯ ಮನೆ ಕೆಡವುವಾಗ ನೆಲದಲ್ಲಿ ಸಿಕ್ಕ ನಿಧಿಯಾದರೆ ಅದು ಪಾಲು ಮಾಡುವ ಆಸ್ತಿಯಲ್ಲ. ಕೇರಳದ 1968ರ ನಿಧಿ ಕಾಯಿದೆಯಂತೆ ಸರಕಾರಕ್ಕೆ ತಿಳಿಸಬೇಕು.

ಹಾಗೆಯೇ, ‘ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಬರುವ ಕರೆಗಳಿಗೆ ಮರುಳಾಗಬೇಡಿ. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಪ್ರಕಟಣೆ ಹೊರಡಿಸಿದೆ. ‘ವಿಮಾ ಶುಲ್ಕ’ವೆಂದು ಮುಂಗಡ ಕೇಳಿದರೆ ಫೋನ್ ಇಟ್ಟುಬಿಡಿ.

ನಮ್ಮ ಸಂಘಗಳು ಒಂದು ಭಾನುವಾರದ ಮಾಸಿಕ ಸಭೆಯನ್ನು ಇದಕ್ಕಾಗಿ ಮೀಸಲಿಟ್ಟರೆ ಚೆನ್ನ. ನಾಣ್ಯಗಳನ್ನು ತರುವುದು ಬೇಡ, ಫೋಟೋ ಮತ್ತು ನೋಟ್‌ಬುಕ್ಕು ತಂದರೆ ಸಾಕು. ಪಟ್ಟಿ ಬರೆಯಲು ಬಾರದ ಹಿರಿಯರಿಗೆ ಕಿರಿಯರು ಬರೆದುಕೊಡಲಿ. ನಾಣ್ಯ ಯಾರಿಂದ ಬಂತು, ಯಾವ ಹಬ್ಬಕ್ಕೆ ಹೊರಗೆ ತೆಗೆಯುತ್ತಿದ್ದರು ಎಂಬುದನ್ನೂ ಆ ಸಾಲಿನಲ್ಲೇ ಸೇರಿಸಲಿ. ಕಳೆದ ನಾಣ್ಯದ ಬೆಲೆಯನ್ನು ವಿಮಾ ಕಂಪನಿ ಕೊಟ್ಟೀತು, ಈ ವಿವರವನ್ನು ಯಾವ ಕಂಪನಿಯೂ ಕೊಡಲಾರದು.